ಕಾಯುವುದೋ, ಕೊಯ್ಯುವುದೋ

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಹೊಸನಗರ ಕಡೆಯ ಹುಡುಗ, ದೂರದ ಪರಿಚಯ. ಅವನ ಅಪ್ಪ ಒಂಬತ್ತು ದಿನದಿಂದ ಶಿವಮೊಗ್ಗದಲ್ಲಿ ಐಸಿಯು ಸೇರಿದ್ದಾರೆ. ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್ ಎಂಬ ಜೀರ್ಣರಸದ ಗ್ರಂಥಿಯ ಉರಿಯೂತ. "ಅಣ್ಣಾ, ಇವ್ರು ಎಂತೂ ಮಾಡ್ತಾ ಇಲ್ಲ. ಬರೀ ಡ್ರಿಪ್ಪು, ಬರೀ ಬ್ಲಡ್ ಟೆಸ್ಟು. ಒಳಗೆ ಕೊಳೆತಿದೆ ಅಂತ ಅವ್ರೇ ಹೇಳ್ತಾರೆ. ಹಂಗಾದ್ರೆ ಕೊಯ್ದು ತೆಗೀರಿ ಅಂದ್ರೆ ಈಗ ಬ್ಯಾಡ ಅಂತಾರೆ. ಬೆಳಿಗ್ಗೆ ಬೆಂಗಳೂರಿಗೆ ಕರ್ಕೊಂಡು ಹೋಗದು ಅಂತ ಮಾಡಿದೀವಿ, ಆಂಬುಲೆನ್ಸಿಗೆ ಅಡ್ವಾನ್ಸೂ ಕೊಟ್ಟಾಯ್ತು. ನಿಮ್ಮ ತಮ್ಮಂಗೂ ಇದೇ ಆಗಿತ್ತಲ್ಲ, ಎಂತ ಮಾಡದು ಹೇಳಿ."

ನಾನು ಡಾಕ್ಟರಲ್ಲ. ಎರಡು ಎಕರೆ ಅಡಿಕೆ ತೋಟ, ಒಂದು ಸೊಸೈಟಿ ಕೆಲಸ, ಇಷ್ಟೇ ನನ್ನ ಬಂಡವಾಳ. ಆದರೆ ಎಂಟು ವರ್ಷಗಳಲ್ಲಿ ನಮ್ಮ ಮನೆತನದಲ್ಲಿ ಎರಡು ಸಲ ಈ ಗ್ರಂಥಿ ಕೆಟ್ಟಿದ್ದರಿಂದ ಸುತ್ತಲಿನ ನಾಲ್ಕು ಊರಿಗೆ ನಾನೇ ಪ್ಯಾಂಕ್ರಿಯಾಸ್ ಪಂಡಿತ ಅಂತಾಗಿಬಿಟ್ಟಿದೆ. ಸಾಮಾನ್ಯವಾಗಿ ಕೇಳಿದವರಿಗೆ ಧೈರ್ಯ ಹೇಳಿ ಫೋನ್ ಇಡುತ್ತೇನೆ. ಆವತ್ತು ಹಾಗೆ ಆಗಲಿಲ್ಲ. "ಬೆಳಿಗ್ಗೆ ಆರಕ್ಕೆ ಮಾಡ್ತೀನಿ, ಅಲ್ಲಿವರೆಗೆ ಎಲ್ಲಿಗೂ ಹೊರಡಬೇಡ" ಎಂದವನು ನಿದ್ದೆ ಬರದೆ ಕೂತೆ. ಯಾಕೆಂದರೆ ನಮ್ಮ ಮನೆಯ ಎರಡು ಕಾಯಿಲೆಗಳಿಗೆ ಎರಡು ಬೇರೆ ಬೇರೆ ಉತ್ತರ ಇದ್ದವು. ಎರಡರಲ್ಲೂ ನಾವು ಹಟ ಹಿಡಿದದ್ದು ತಪ್ಪು ಉತ್ತರಕ್ಕೆ.

ಪುನರ್ವಸು ಮಳೆ

ತಮ್ಮನಿಗೆ ಆಗ 38 ವರ್ಷ. ಜುಲೈ ತಿಂಗಳು, ಪುನರ್ವಸು ಮಳೆ. ಎರಡು ದಿನ ಹೊಳವಾಗಿದ್ದರಿಂದ ಮೊದಲ ಸುತ್ತಿನಲ್ಲಿ ಉಳಿದಿದ್ದ ಮೂಲೆಯ ಮರಗಳಿಗೆ ಅಡಿಕೆಯ ಕೊಳೆರೋಗದ ಔಷಧಿ ಹೊಡೆಸುತ್ತಿದ್ದ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬ್ಯಾರೆಲ್ ಮುಂದೆ ನಿಂತು ಕಲೆಸುವುದು ಅವನ ಕೆಲಸ. ಸಂಜೆ ಕೈಕಾಲು ತೊಳೆದು ಹಲಸಿನಹಣ್ಣಿನ ಕಡುಬು ತಿಂದ. ರಾತ್ರಿ ಎರಡು ಗಂಟೆಗೆ ನಾನು ಎದ್ದು ನೋಡಿದರೆ ಜಗಲಿಯ ಮೇಲೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿ ಕೂತಿದ್ದಾನೆ. ಮಲಗಿಸಿದರೆ ಕೂಗುತ್ತಾನೆ, ಬಾಗಿ ಕೂತರೆ ಸುಮ್ಮನಾಗುತ್ತಾನೆ. ಆಮೇಲೆ ಗೊತ್ತಾಯಿತು, ಈ ಕಾಯಿಲೆಯವರು ಹಾಗೆಯೇ ಕೂರುವುದಂತೆ. ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ತಾಗಿಕೊಂಡ ಹಾಗೆ. ನೋವು ಹೊಟ್ಟೆಯಿಂದ ಸೀದಾ ಬೆನ್ನಿಗೆ ಮೊಳೆ ಹೊಡೆದಂತೆ ಹೋಗುತ್ತದೆ, ಬಾಗಿದರೆ ಒತ್ತಡ ತುಸು ಕಡಿಮೆ.

ಶಾಲೆಯಲ್ಲಿ ಮೇದೋಜ್ಜೀರಕ ಎಂದು ಓದಿ ಪರೀಕ್ಷೆ ಬರೆದು ಮರೆತ ಅಂಗ. ಸುಮಾರು ಹದಿನೈದು ಸೆಂಟಿಮೀಟರ್ ಉದ್ದ. ಮಾಂಸ, ಕೊಬ್ಬು, ಹಿಟ್ಟು ಎಲ್ಲವನ್ನೂ ಕರಗಿಸುವ ರಸ ಇದರಲ್ಲಿ ತಯಾರಾಗುತ್ತದೆ. ಆ ರಸಕ್ಕೆ ಕರುಳು ಮುಟ್ಟಿದ ಮೇಲೆ ಹರಿತ ಬರಬೇಕು, ಅದು ವ್ಯವಸ್ಥೆ. ಪಿತ್ತಕೋಶದಿಂದ ಜಾರಿದ ಸಣ್ಣ ಕಲ್ಲೊಂದು ಬಾಗಿಲಲ್ಲಿ ಸಿಕ್ಕಿಕೊಂಡರೆ, ಅಥವಾ ಹೆಂಡ ಅತಿಯಾದರೆ, ರಸ ಗ್ರಂಥಿಯ ಒಳಗೇ ಹರಿತವಾಗಿ ತನ್ನ ಮನೆಯನ್ನೇ ಕರಗಿಸಲು ಶುರುಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಸರಿಯಾದ ಚಿತ್ರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ತಮ್ಮನದು ಪಿತ್ತಕೋಶದ ಕಲ್ಲು. ಆದರೂ ಆಸ್ಪತ್ರೆಗೆ ನೋಡಲು ಬಂದವರೆಲ್ಲ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ತಗೋತಿದ್ನಾ?" ಎಂದೇ ಕೇಳುತ್ತಿದ್ದರು. ಒಬ್ಬರಂತೂ ಅಮ್ಮನ ಎದುರಿಗೇ ಕೇಳಿದರು.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದಲ್ಲಿ ಲೈಪೇಸ್ (ಈ ಗ್ರಂಥಿಯ ಒಂದು ಕಿಣ್ವ) ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಮೂರನೇ ದಿನಕ್ಕೆ ಉಸಿರು ಕಟ್ಟತೊಡಗಿತು, ಮೂತ್ರ ಕಡಿಮೆಯಾಯಿತು. ಅಲ್ಲಿಂದ ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ. ಹದಿನಾಲ್ಕು ತಿರುವು, ಮಂಜು, ಆಂಬುಲೆನ್ಸಿನ ವೈಪರ್ ಕರಕರ ಸದ್ದು, ಆಕ್ಸಿಜನ್ ಸಿಲಿಂಡರನ್ನು ಒಂದು ಕೈಯಲ್ಲಿ ತಮ್ಮನ ಪಾದವನ್ನು ಒಂದು ಕೈಯಲ್ಲಿ ಹಿಡಿದು ಕೂತ ನಾನು. ಆ ಪಾದ ಎಷ್ಟು ತಣ್ಣಗಿತ್ತೆಂದರೆ ಇಡೀ ದಾರಿ ಅದನ್ನು ಉಜ್ಜುತ್ತಲೇ ಇದ್ದೆ. ಉಳಿದದ್ದು ಏನೂ ನೆನಪಿಲ್ಲ.

ಅಲ್ಲಿ ಮೊದಲ ಬಾರಿಗೆ 'ಸಿವಿಯರ್' ಎಂಬ ಪದ ಕಿವಿಗೆ ಬಿತ್ತು. ನೋವು ಜಾಸ್ತಿ ಇದ್ದರೆ ಸಿವಿಯರ್ ಅಂತ ನಾವು ತಿಳಿದಿದ್ದೆವು. ಹಾಗಲ್ಲವಂತೆ. ಶ್ವಾಸಕೋಶ, ಕಿಡ್ನಿ, ರಕ್ತದೊತ್ತಡ, ಇವುಗಳಲ್ಲಿ ಯಾವುದಾದರೂ ಕೈಕೊಟ್ಟು 48 ಗಂಟೆ ದಾಟಿದರೂ ಸುಧಾರಿಸದಿದ್ದರೆ ಮಾತ್ರ ಆ ಹೆಸರು. 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣ ಎಂದು ಒಂದಿದೆ, ಪ್ರಪಂಚದ ಹೆಚ್ಚಿನ ವೈದ್ಯರು ಅಳೆಯುವುದು ಆ ಕೊಳಗದಿಂದಲೇ. ಸಿ.ಟಿ. ಸ್ಕ್ಯಾನಿನಲ್ಲಿ ಗ್ರಂಥಿಯ ಅರ್ಧಕ್ಕೂ ಹೆಚ್ಚು ಭಾಗ ರಕ್ತ ಓಡಾಟವಿಲ್ಲದೆ ಕಪ್ಪಗೆ ಕಾಣುತ್ತಿತ್ತು. ಸತ್ತ ಭಾಗ. ಎಷ್ಟೋ ದಿನ ಕಳೆದು ಎಚ್ಚರವಾದ ಮೇಲೆ ತಮ್ಮನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು, "ಅಂದ್ರೆ ನಂಗೂ ಕೊಳೆ ಬಂತನಾ ಅಣ್ಣ? ಔಷಧಿ ಹೊಡೆಯದು ಒಂದು ವಾರ ತಡ ಆಯ್ತು."

"ಕೊಯ್ಯೋಕೆ ಹೆದರ್ತಾರೆ"

ಹನ್ನೊಂದನೇ ದಿನ ಜ್ವರ ಏರಿತು. ಸತ್ತ ಭಾಗಕ್ಕೆ ಸೋಂಕು ತಗುಲಿರಬಹುದು ಎಂದರು. ಮಾತಾಡಲು ಕರೆದ ಕೋಣೆಯಲ್ಲಿ ನಾಲ್ಕು ನೀಲಿ ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್, ಗೋಡೆಯಲ್ಲಿ ಹಳೆಯ ಕ್ಯಾಲೆಂಡರ್. ಅಪ್ಪ, ಸೋದರಮಾವ, ನಾನು. ಸರ್ಜನ್ ಸಣ್ಣ ವಯಸ್ಸಿನವರು, ಮೂರು ದಿನದ ಗಡ್ಡ. ಲ್ಯಾಬ್ ರಿಪೋರ್ಟಿನ ಹಿಂಬದಿಗೆ ಪೆನ್ನಿನಲ್ಲಿ ಗ್ರಂಥಿಯ ಚಿತ್ರ ಬರೆದರು. ನಮ್ಮ ಕಣ್ಣಿಗೆ ಹುಣಸೆಕಾಯಿಯ ಹಾಗೆ ಕಂಡಿತು. ಅರ್ಧವನ್ನು ಗೀಚಿ ಕಪ್ಪು ಮಾಡಿದರು. "ಇದು ಸತ್ತಿದೆ. ಇದು ಬದುಕಿದೆ. ಈಗ ನಾನು ಒಳಗೆ ಹೋದರೆ ಸತ್ತದ್ದು ಎಲ್ಲಿ ಮುಗಿಯುತ್ತೆ, ಬದುಕಿದ್ದು ಎಲ್ಲಿ ಶುರುವಾಗುತ್ತೆ ನಂಗೇ ಗೊತ್ತಾಗಲ್ಲ. ಎರಡೂ ಒದ್ದೆ ಮಣ್ಣಿನ ಹಾಗೆ ಇರುತ್ತೆ. ಎಳೆದ್ರೆ ರಕ್ತ. ನಾಲ್ಕು ವಾರ ಕಳೆದ್ರೆ ದೇಹವೇ ಅದರ ಸುತ್ತ ಒಂದು ಗೋಡೆ ಕಟ್ಟುತ್ತೆ. ಆಗ ನನಗೆ ಕೆಲಸ ಸುಲಭ, ಅವರಿಗೂ ಅಪಾಯ ಕಡಿಮೆ. ಅಲ್ಲಿವರೆಗೆ ಆಂಟಿಬಯಾಟಿಕ್, ಉಸಿರಾಟಕ್ಕೆ ಸಹಾಯ, ಮೂಗಿನ ಟ್ಯೂಬಿನಲ್ಲಿ ಆಹಾರ."

"ನಾಲ್ಕು ವಾರ ಬದುಕ್ತಾನಾ ಇಂವ?" ಮಾವ ಕೇಳಿದರು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಈಗ ಕೊಯ್ದರೆ ಬದುಕುವ ಸಾಧ್ಯತೆ ಇನ್ನೂ ಕಡಿಮೆ" ಎಂದರು. ಆ ಉತ್ತರ ನಮ್ಮ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆದರೆ ಪ್ರಾಮಾಣಿಕವಾಗಿ ಕೊಡಬಹುದಾಗಿದ್ದ ಉತ್ತರ ಅದೊಂದೇ ಆಗಿತ್ತು ಎಂದು ಈಗ ಅನ್ನಿಸುತ್ತದೆ.

ಹೊರಗೆ ಬಂದ ಕೂಡಲೇ ಮಾವ ಶುರುಮಾಡಿದರು. "ಕೊಯ್ಯೋಕೆ ಹೆದರ್ತಾರೆ ಮಾರಾಯ. ಹುಡುಗ ಡಾಕ್ಟ್ರು. ಕೊಳೆತದ್ದು ಒಳಗಿಟ್ಕೊಂಡು ಯಾರಾದ್ರೂ ಕೂರ್ತಾರನಾ? ಒಂದು ಅಡಿಕೆ ಕೊಳೆತ್ರೆ ಇಡೀ ಗೊನೆ ಹೋಗ್ತದೆ." ನನಗೂ ಅದು ಸರಿ ಎನ್ನಿಸಿತು. ಅಷ್ಟೇ ಅಲ್ಲ, ಹೇಳಲು ನಾಚಿಕೆಯಾಗುವ ಇನ್ನೊಂದು ಲೆಕ್ಕವೂ ಮನಸ್ಸಿನಲ್ಲಿತ್ತು. ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸಿನಲ್ಲಿ ಬಿಟ್ಟಿದ್ದ ಅಡಿಕೆ ಮೇಲೆ ತಂದ ದುಡ್ಡು ದಿನಕ್ಕಿಷ್ಟು ಎಂದು ಕರಗುತ್ತಿತ್ತು. ಆಪರೇಷನ್ ಎಂದರೆ ಅದಕ್ಕೊಂದು ಹೆಸರಿದೆ, ಒಂದು ಮೊತ್ತವಿದೆ, ಕಟ್ಟಿದ ಮೇಲೆ ಏನೋ ಆಯಿತು ಎಂಬ ಸಮಾಧಾನವಿದೆ. ಕಾಯುವುದಕ್ಕೆ ಬಿಲ್ ಕಟ್ಟುವುದು ಎಂಥ ಹಿಂಸೆ! ಸಾಲು ಸಾಲಾಗಿ ಬೆಡ್ ಚಾರ್ಜು, ಮಾನಿಟರ್ ಚಾರ್ಜು, ಅಪ್ಪ ಕನ್ನಡಕ ಏರಿಸಿ ಓದಿ, "ಇದ್ರಲ್ಲಿ ಚಿಕಿತ್ಸೆ ಅಂತ ಎಲ್ಲಿ ಬರ್ದಿದ್ದಾರೆ?" ಎಂದು ಕೇಳಿದ್ದರು.

ಆ ಸಂಜೆಯೇ ಬೆಂಗಳೂರಿಗೆ ಆಂಬುಲೆನ್ಸ್ ಗೊತ್ತುಮಾಡಿ ಮೂರು ಸಾವಿರ ಅಡ್ವಾನ್ಸ್ ಕೊಟ್ಟೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಬರೆದ ಕಾಗದ ಕೈಗೆ ಬಂತು. ಸಹಿ ಹಾಕಬೇಕು. ಅಷ್ಟರಲ್ಲಿ ಮನೆಯಿಂದ ಅಜ್ಜಿಯ ಫೋನ್. ಅವಳಿಗೆ 86, ಕಿವಿ ಮಂದ, ಸ್ಪೀಕರಿಗೆ ಹಾಕಿ ಕೂಗಿ ಹೇಳಬೇಕು. ಕೂಗಿ ಹೇಳಿದೆ: ಒಳಗೆ ಕೀವಾಗಿದೆ, ಡಾಕ್ಟ್ರು ಈಗ ಕೊಯ್ಯಲ್ಲ ಅಂತಾರೆ. ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಹಣ್ಣಾಗದ ಕುರ ಚುಚ್ಚಬಾರ್ದು ಕಣಾ" ಎಂದಳು. ಅಷ್ಟೇ. ಆಮೇಲೆ ದನಕ್ಕೆ ಹುಲ್ಲು ಹಾಕಿದವರಾರು ಎಂದು ವಿಚಾರಿಸಿದಳು.

ಅಜ್ಜಿಗೆ ಅಟ್ಲಾಂಟಾ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. (ನಮ್ಮ ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದೇ ಅಜ್ಜಿ ಮಾರನೇ ದಿನ ಯಾರದೋ ಕೈಯಲ್ಲಿ ಒಂದು ಬಾಟಲಿ ನಾಟಿ ಕಷಾಯ ಕಳಿಸಿದ್ದಳು, ಬಾಯಿಗೆ ಹನಿ ನೀರೂ ಕೊಡಬಾರದಿದ್ದವನಿಗೆ.) ಆದರೆ ಅಪ್ಪ ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. ಸರ್ಜನ್ ಹೇಳಿದ ಗೋಡೆ ಕಟ್ಟುವ ಮಾತು ಅವರ ತಲೆಗೆ ಇಳಿದದ್ದು ಆಗ, ತಮ್ಮ ಭಾಷೆಯಲ್ಲಿ ಕೇಳಿದಾಗ.

ಮೂಗಿನ ಟ್ಯೂಬಿನ ಬಗ್ಗೆ ಒಂದು ಮಾತು. ಹಿಂದೆಲ್ಲ ಈ ಕಾಯಿಲೆಗೆ ಹೊಟ್ಟೆಯನ್ನು ಪೂರ್ತಿ ಖಾಲಿ ಇಡುತ್ತಿದ್ದರಂತೆ, ಗ್ರಂಥಿಗೆ ವಿಶ್ರಾಂತಿ ಸಿಗಲಿ ಅಂತ. ಈಗ ಬಾಯಲ್ಲಿ ಆಗದಿದ್ದರೆ ಮೂಗಿನಿಂದ ತೆಳ್ಳನೆಯ ನಳಿಕೆ ಇಳಿಸಿ ಕರುಳಿಗೆ ಊಟ ಕೊಡುತ್ತಾರೆ. ಉಪವಾಸ ಬಿದ್ದ ಕರುಳಿನ ಗೋಡೆ ಸಡಿಲಾಗಿ ಅಲ್ಲಿನ ಬ್ಯಾಕ್ಟೀರಿಯಾ ನುಸುಳಿ ಸತ್ತ ಭಾಗಕ್ಕೆ ಸೋಂಕು ಹತ್ತಿಸುತ್ತವೆ ಎಂಬುದು ಕಾರಣ. ಅಮ್ಮನಿಗೆ ಈ ಕಾರಣ ಬೇಕಿರಲಿಲ್ಲ. "ಮೂಗಲ್ಲಾದ್ರೂ ಗಂಜಿ ಹೋಗ್ತದಲ್ಲ" ಎಂದು ಹತ್ತು ದಿನದಲ್ಲಿ ಮೊದಲ ಸಲ ತಾನೂ ಕ್ಯಾಂಟೀನಿಗೆ ಬಂದು ಎರಡು ಇಡ್ಲಿ ತಿಂದಳು.

ಮೂವತ್ತಮೂರನೇ ದಿನ, ಆಶ್ಲೇಷ ಮಳೆಯಲ್ಲಿ, ಸ್ಕ್ಯಾನ್ ನೋಡಿಕೊಂಡು ಎಡಪಕ್ಕೆಯಿಂದ ಒಂದು ಪೈಪ್ ಇಳಿಸಿದರು. ಹೊಟ್ಟೆ ಸೀಳಲಿಲ್ಲ. ಚೀಲಕ್ಕೆ ಇಳಿದದ್ದು ಡಿಕಾಕ್ಷನ್ನಿಗೆ ಗಂಜಿ ಕಲೆಸಿದಂಥ ದ್ರವ, ಮೊದಲ ದಿನ ಮುಕ್ಕಾಲು ಲೀಟರ್. ದಿನಕ್ಕೆ ಮೂರು ಸಲ ಸಲೈನ್ ಹಾಕಿ ತೊಳೆಯುವುದು, ಪೈಪ್ ಕಟ್ಟಿಕೊಂಡರೆ ದಪ್ಪ ಪೈಪ್ ಹಾಕುವುದು. ಎರಡು ಸಲ ಬದಲಿಸಿದರು. ಮಘೆ ಮಳೆ ಮುಗಿಯುವ ಹೊತ್ತಿಗೆ, ಪೈಪ್ ಸಮೇತ, ಹದಿನೆಂಟು ಕೆಜಿ ಕಳೆದುಕೊಂಡ ತಮ್ಮ ಮನೆಗೆ ಬಂದ. ಪಿತ್ತಕೋಶ ತೆಗೆಯುವ ಆಪರೇಷನ್ ಕೂಡ ಒಳಗಿನ ದ್ರವವೆಲ್ಲ ಇಂಗಿದ ಮೇಲೆ, ದೀಪಾವಳಿ ಕಳೆದು. ಅದೇ ಆಸ್ಪತ್ರೆಯಲ್ಲಿ ಪಕ್ಕದ ವಾರ್ಡಿನ ಶೃಂಗೇರಿಯವರೊಬ್ಬರಿಗೆ ಲಘು ಕಾಯಿಲೆ. ಅವರ ಪಿತ್ತಕೋಶವನ್ನು ಡಿಸ್ಚಾರ್ಜಿಗೆ ಮೊದಲೇ ತೆಗೆದು ಕಳಿಸಿದ್ದರು. ಒಂದೇ ಕಲ್ಲು, ಒಂದೇ ಅಂಗ, ಒಬ್ಬರಿಗೆ ಈಗಲೇ ಒಬ್ಬರಿಗೆ ಆಮೇಲೆ.

ವೈದ್ಯರ ಮನೆಯ ಜಗಳ

ಮನೆಗೆ ಬಂದ ಮೇಲೆ ನನಗೊಂದು ಹುಚ್ಚು ಹತ್ತಿತು, ಆ ಸರ್ಜನ್ ಹೇಳಿದ್ದು ಅವರ ಹೆದರಿಕೆಯೋ ವಿದ್ಯೆಯೋ ಎಂದು ತಿಳಿಯಬೇಕೆಂಬ ಹುಚ್ಚು. ರಾತ್ರಿ ಕೂತು ಓದಿದ್ದೇ ಓದಿದ್ದು. ಓದಿದಷ್ಟೂ ಒಂದು ಸಮಾಧಾನ ಸಿಕ್ಕಿತು: ನಮ್ಮ ಮಾವ ಮತ್ತು ಅಜ್ಜಿಯ ಜಗಳವನ್ನು ವೈದ್ಯರೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಆಡಿದ್ದಾರೆ. 1889ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಈ ಕಾಯಿಲೆಯನ್ನು ಮೊದಲ ಬಾರಿಗೆ ಸರಿಯಾಗಿ ಬಿಡಿಸಿ ಬರೆದಾಗ, ಆರಂಭದಲ್ಲೇ ಆಪರೇಷನ್ ಮಾಡುವುದು ಬಹಳ ಅಪಾಯ ಎಂದಿದ್ದ. ಮುಂದೆ ಅವನೇ ಆ ಮಾತಿನ ಬಿಗಿ ಸಡಿಲಿಸಿದ. ಇಪ್ಪತ್ತನೇ ಶತಮಾನದ ಆರಂಭದ ಸರ್ಜನ್‌ಗಳು ತೆರೆದು ನೋಡುವುದೇ ಸರಿ ಎಂದರು. 1929ರಲ್ಲಿ ರಕ್ತದಲ್ಲಿ ಅಮೈಲೇಸ್ ಎಂಬ ಕಿಣ್ವ ನೋಡಿ ಕಾಯಿಲೆ ಪತ್ತೆಮಾಡಬಹುದು ಎಂದು ಗೊತ್ತಾದಾಗ ಲಘು ಕಾಯಿಲೆಯವರೂ ಕಣ್ಣಿಗೆ ಬಿದ್ದರು, ಅವರೆಲ್ಲ ಚಾಕು ಮುಟ್ಟಿಸದೆಯೇ ಎದ್ದು ಹೋಗುತ್ತಿದ್ದರು, ಸರ್ಜನ್‌ಗಳು ಹಿಂದೆ ಸರಿದರು. ಕೆಲವು ದಶಕ ಕಳೆದು ಐಸಿಯು, ಒಳ್ಳೆಯ ಅರಿವಳಿಕೆ ಬಂದಾಗ ಮತ್ತೆ ಮುಂದೆ ಬಂದರು. 1997ರಲ್ಲಿ ಮೆಕ್ಸಿಕೋದಲ್ಲಿ ಸತ್ತ ಭಾಗವನ್ನು ಮೊದಲ ಮೂರು ದಿನದಲ್ಲಿ ತೆಗೆದವರನ್ನೂ ಹನ್ನೆರಡು ದಿನ ದಾಟಿಸಿ ತೆಗೆದವರನ್ನೂ ಹೋಲಿಸಿ ನೋಡಿದರು. ಬೇಗ ಕೊಯ್ಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು. ಕಾದವರಲ್ಲಿ ಕಾಲು ಭಾಗದಷ್ಟು. ಒಟ್ಟು ರೋಗಿಗಳು 36 ಮಾತ್ರ. ಆದರೂ ಮುಂದೆ ಆ ಪ್ರಯೋಗವನ್ನು ನಡೆಸಲು ಅವರಿಗೆ ಮನಸ್ಸು ಬರಲಿಲ್ಲ, ನಿಲ್ಲಿಸಿದರು.

ತಮ್ಮನ ಪಕ್ಕೆಗೆ ಬಂದ ಪೈಪಿನ ಮೂಲ 2010ರ ಒಂದು ಡಚ್ ಅಧ್ಯಯನ. ಪ್ಯಾಂಟರ್ ಎಂದು ಹೆಸರು. ಸೋಂಕು ತಗುಲಿದ 88 ರೋಗಿಗಳು. ಅರ್ಧದಷ್ಟು ಜನಕ್ಕೆ ಹೊಟ್ಟೆ ತೆರೆದು ಸತ್ತ ಭಾಗ ತೆಗೆದರು, ಉಳಿದವರಿಗೆ ಮೊದಲು ಪೈಪ್, ಸಾಲದಿದ್ದರೆ ಸಣ್ಣ ಗಾಯದ ಆಪರೇಷನ್, ಮೆಟ್ಟಿಲು ಮೆಟ್ಟಿಲಾಗಿ. ಸಾವು ಅಥವಾ ದೊಡ್ಡ ತೊಡಕು ತೆರೆದವರಲ್ಲಿ ಶೇ. 69, ಮೆಟ್ಟಿಲು ಹತ್ತಿದವರಲ್ಲಿ ಶೇ. 40. ಮೆಟ್ಟಿಲಿನ ಗುಂಪಿನಲ್ಲಿ ಶೇ. 35 ಜನಕ್ಕೆ ಪೈಪಿನ ಆಚೆಗೆ ಏನೂ ಬೇಕಾಗಲೇ ಇಲ್ಲ. ತಮ್ಮ ಆ ಮೂವತ್ತೈದರಲ್ಲಿ ಒಬ್ಬ. ಇದರಲ್ಲಿ ನಮ್ಮ ಜಾಣತನ ಏನೂ ಇಲ್ಲ. ಒಂದು ಸಣ್ಣ ಅಕ್ಷರದ ಸಂಗತಿಯನ್ನೂ ಹೇಳಬೇಕು: ಬರೀ ಸಾವನ್ನು ಲೆಕ್ಕ ಹಾಕಿದರೆ ಎರಡು ಗುಂಪಿಗೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಉಳಿದವರು ಯಾವ ಸ್ಥಿತಿಯಲ್ಲಿ ಉಳಿದರು ಎಂಬುದರಲ್ಲಿ ವ್ಯತ್ಯಾಸ. ಇದೇ ಡಚ್ಚರು 2021ರಲ್ಲಿ, ಹಾಗಾದರೆ ಪೈಪನ್ನಾದರೂ ಸೋಂಕು ಕಂಡ ಕೂಡಲೇ ಹಾಕಿದರೆ ಹೇಗೆ ಎಂದು 104 ಜನರಲ್ಲಿ ನೋಡಿದರು. ಬೇಗ ಹಾಕಿದ್ದರಿಂದ ಲಾಭವೇನೂ ಕಾಣಲಿಲ್ಲ, ಕಾದವರಲ್ಲಿ ಶೇ. 39 ಜನ ಪೈಪೂ ಇಲ್ಲದೆ ಬರೀ ಆಂಟಿಬಯಾಟಿಕ್ಕಿನಲ್ಲೇ ಗುಣವಾದರು.

ಇಷ್ಟು ಓದಿ ನಾನು ಕಾಯುವ ಪಕ್ಷದ ಕಾರ್ಯಕರ್ತನೇ ಆಗಿಬಿಟ್ಟೆ. ಯಾರಿಗೆ ಏನೇ ಆದರೂ "ಅವಸರ ಮಾಡಬೇಡಿ" ಎನ್ನುತ್ತಿದ್ದೆ. ಆ ಕಾರ್ಯಕರ್ತನ ಮಾತು ಕೇಳಿ ಪೆಟ್ಟು ತಿಂದವಳು ನನ್ನ ಚಿಕ್ಕಪ್ಪನ ಮಗಳು.

ಕಲ್ಲುಸಕ್ಕರೆ

ಅವಳಿಗೆ ಹದಿನೈದನೇ ವಯಸ್ಸಿನಿಂದ ಹೊಟ್ಟೆನೋವು. ತಿಂಗಳಿಗೆ, ಎರಡು ತಿಂಗಳಿಗೆ ಒಮ್ಮೆ ಬರುವುದು, ಮೂರು ದಿನ ಇರುವುದು. ಊರಿನ ಡಾಕ್ಟರು ಗ್ಯಾಸ್ಟ್ರಿಕ್ ಎಂದರು. ಚಿಕ್ಕಮ್ಮ ದೃಷ್ಟಿ ತೆಗೆದಳು. ಹೆಣ್ಣುಮಕ್ಕಳ ಹೊಟ್ಟೆನೋವಿಗೆ ನಮ್ಮಲ್ಲಿರುವ ಸರ್ವರೋಗ ಪರಿಹಾರವನ್ನು ನೆಂಟರೊಬ್ಬರು ಸೂಚಿಸಿದರು: ಮದುವೆ ಆದರೆ ಸರಿಹೋಗುತ್ತದೆ. ಹುಡುಗಿಗೆ ಪ್ಯಾಂಕ್ರಿಯಾಸ್ ಕೆಟ್ಟಿರಬಹುದು ಎಂದು ಯಾರೂ ಯೋಚಿಸಲಿಲ್ಲ, ಯಾಕೆಂದರೆ ಅದು ಕುಡಿಯುವ ಗಂಡಸರ ಕಾಯಿಲೆ ತಾನೆ? ಇಪ್ಪತ್ತೆರಡಕ್ಕೆ ಯಾರೋ ಬುದ್ಧಿವಂತರು ಒಂದು ಸಾದಾ ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆಯ ಅಡ್ಡಕ್ಕೆ, ಎಡಕ್ಕೆ ಏರುತ್ತಾ ಹೋದ ಬಿಳಿ ಚುಕ್ಕಿಗಳ ಸಾಲು, ಕಲ್ಲುಸಕ್ಕರೆ ಚೆಲ್ಲಿದ ಹಾಗೆ. ಗ್ರಂಥಿಯ ನಾಳದ ತುಂಬ ಸುಣ್ಣದ ಕಲ್ಲು.

ಇದಕ್ಕೆ ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್ ಎನ್ನುತ್ತಾರೆ, ದಕ್ಷಿಣ ಭಾರತಕ್ಕೆ ಹಳೆಯ ನೆಂಟ. ಕೇರಳದ ಡಾ. ಪಿ. ಜೆ. ಗೀವರ್ಗೀಸ್ 1960ರ ದಶಕದಲ್ಲೇ ಇಂಥ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿ ಇದರ ಜಾತಕ ಬರೆದಿದ್ದರು: ಎಳವೆಯಲ್ಲಿ ಹೊಟ್ಟೆನೋವು, ಹರೆಯಕ್ಕೆ ಸಕ್ಕರೆ ಕಾಯಿಲೆ, ಬಾಳಿ ಬದುಕಬೇಕಾದ ವಯಸ್ಸಿನಲ್ಲಿ ಸಾವು. ಈಗ ಇನ್ಸುಲಿನ್, ಕಿಣ್ವದ ಕ್ಯಾಪ್ಸೂಲ್ ಎಲ್ಲ ಇರುವುದರಿಂದ ಜಾತಕದ ಕೊನೆಯ ಸಾಲು ಬದಲಾಗಿದೆ, ಮೊದಲೆರಡು ಸಾಲು ಹಾಗೇ ಇವೆ. ಮರಗೆಣಸು ತಿನ್ನುವುದರಿಂದ ಬರುತ್ತದೆ ಎಂದು ಬಹಳ ಕಾಲ ಅನುಮಾನಪಟ್ಟರು, ಸಾಬೀತಾಗಲಿಲ್ಲ. ಸ್ಪಿಂಕ್ ಒಂದು ಎಂಬ ಜೀನಿನ ದೋಷ ಇಂಥವರಲ್ಲಿ ಹೆಚ್ಚಾಗಿ ಕಾಣುತ್ತದೆ. ಚಿಕ್ಕಪ್ಪ ಮಾತ್ರ ಆವತ್ತಿನಿಂದ ಹಿತ್ತಲಿನ ಮರಗೆಣಸು ಕಿತ್ತುಹಾಕಿದವರು ಮತ್ತೆ ನೆಟ್ಟಿಲ್ಲ.

ಅವಳಿಗೆ ಊಟದ ಜೊತೆ ಕ್ಯಾಪ್ಸೂಲ್ ಶುರುವಾಯಿತು. ನೋವಿಗೆ ಮಾತ್ರೆ. ಆಮೇಲೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿ ಬಿಡಿಸುವುದು, ಹೊರಗಿನಿಂದ ತರಂಗ ಬಿಟ್ಟು ಕಲ್ಲು ಪುಡಿ ಮಾಡುವುದು, ಪ್ಲಾಸ್ಟಿಕ್ ಸ್ಟೆಂಟ್ ಹಾಕುವುದು, ಕೆಲವು ತಿಂಗಳಿಗೊಮ್ಮೆ ಅದನ್ನು ಬದಲಿಸುವುದು. ಪ್ರತಿ ಸಲವೂ ಎರಡು ತಿಂಗಳು ಸುಖ, ಮೂರನೇ ತಿಂಗಳು ಮತ್ತೆ ದಿಂಬು. ಎರಡನೇ ವರ್ಷವೇ ಒಬ್ಬ ಸರ್ಜನ್ ಹೇಳಿದ್ದರು, ನಾಳ ಇಷ್ಟು ಅಗಲವಾಗಿದೆ, ತಲೆಭಾಗ ಊದಿದೆ, ಆಪರೇಷನ್ನಿಗೆ ಇದು ಹೇಳಿ ಮಾಡಿಸಿದ ಗ್ರಂಥಿ ಅಂತ. ಚಿಕ್ಕಪ್ಪ ನನಗೆ ಫೋನ್ ಮಾಡಿದರು. ನಾನು ತಮ್ಮನ ಕಥೆ ಹೇಳಿದೆ. "ಅವಸರ ಬೇಡ ಚಿಕ್ಕಪ್ಪ, ಆ ಅಂಗಕ್ಕೆ ಕೈ ಹಾಕೋದು ಸುಲಭ ಅಲ್ಲ, ಸ್ಟೆಂಟಲ್ಲೇ ನೋಡೋಣ" ಎಂದೆ. ಮದುವೆಯಾಗದ ಹುಡುಗಿ, ಹೊಟ್ಟೆ ಮೇಲೆ ಗೀಟು ಬಿದ್ದರೆ ಹೇಗೆ ಎಂಬ ಚಿಂತೆ ಚಿಕ್ಕಮ್ಮನದು. ಎಲ್ಲರಿಗೂ ಬೇಕಿದ್ದ ಉತ್ತರವನ್ನೇ ನಾನು ಕೊಟ್ಟಿದ್ದೆ.

ನಾಲ್ಕು ವರ್ಷ ಹೀಗೆ ಹೋಯಿತು. ಒಮ್ಮೆ ಅವರ ಮನೆಗೆ ಹೋದಾಗ ಅವಳು ಅಡಿಗೆಮನೆಯ ಕಟ್ಟೆಗೆ ಹಣೆ ಒತ್ತಿ ನಿಂತಿದ್ದಳು. ಒಲೆ ಮೇಲೆ ಹಾಲು ಉಕ್ಕುತ್ತಿತ್ತು, ಅವಳು ನೋಡುತ್ತಿದ್ದಳು, ಆರಿಸಲಿಲ್ಲ. ನಾನು ಹೋಗಿ ಗ್ಯಾಸ್ ಆಫ್ ಮಾಡಿದೆ. "ಮಾತ್ರೆ ತಗೊಂಡ್ಯಾ?" ಎಂದೆ. "ಬೆಳಿಗ್ಗೆಯಿಂದ ಐದು, ಅಣ್ಣಯ್ಯ" ಎಂದಳು. ಟ್ರಮಡಾಲ್, ಚಟ ಹತ್ತಿಸಬಲ್ಲ ನೋವಿನ ಮಾತ್ರೆ. ಡಾಕ್ಟರು ಬರೆದದ್ದು ದಿನಕ್ಕೆ ಎರಡು. ಬಿ.ಕಾಂ. ಕೊನೆಯ ವರ್ಷ ಬಿಟ್ಟಾಗಿತ್ತು. ಅವಳ ತಟ್ಟೆ, ಲೋಟ ಎಲ್ಲ ಬೇರೆಯವರಷ್ಟೇ ಇದ್ದವು, ಊಟ ಮಾತ್ರ ಪುಟ್ಟ ಮಗುವಿನದು. ಉಂಡರೆ ನೋವು ಬರುತ್ತದೆಂದು ಉಣ್ಣುವುದನ್ನೇ ಬಿಟ್ಟಿದ್ದಳು.

ಆ ವಾರ ಮತ್ತೆ ಓದಲು ಕೂತೆ. ಸಿಕ್ಕಿದ್ದು 2020ರ ಇನ್ನೊಂದು ಅಧ್ಯಯನ, ಎಸ್ಕೇಪ್ ಅಂತ. ಮತ್ತೆ ಅದೇ ನೆದರ್ಲೆಂಡ್ಸ್. ಮತ್ತೆ, ನಂಬಿದರೆ ನಂಬಿ, ರೋಗಿಗಳ ಸಂಖ್ಯೆಯೂ ಅದೇ 88. ಆದರೆ ಇವರದು ಹಳೆಯ, ದೀರ್ಘಕಾಲದ ಕಾಯಿಲೆ. ಅರ್ಧ ಜನಕ್ಕೆ ಬೇಗ ಆಪರೇಷನ್, ಅರ್ಧ ಜನಕ್ಕೆ ಮೊದಲು ಮಾತ್ರೆ, ಎಂಡೋಸ್ಕೋಪಿ, ಸಾಲದಿದ್ದರೆ ಆಪರೇಷನ್. ಒಂದೂವರೆ ವರ್ಷ ನೋವನ್ನು ನೂರರ ಅಳತೆಯಲ್ಲಿ ಗುರುತು ಹಾಕಿದರು. ಬೇಗ ಕೊಯ್ಸಿಕೊಂಡವರ ಸರಾಸರಿ 37, ಮೆಟ್ಟಿಲು ಹತ್ತಿದವರದು 49. ಅದೇ ಮೆಟ್ಟಿಲು, ನನ್ನ ತಮ್ಮನನ್ನು ಮನೆಗೆ ಕರೆತಂದ ಮೆಟ್ಟಿಲು, ಇಲ್ಲಿ ಉಲ್ಟಾ! ವರ್ಷಗಟ್ಟಲೆ ನೋವು ಉಂಡ ನರಗಳು ಕಡೆಗೆ ನೋವನ್ನೇ ಕಲಿತುಬಿಡುತ್ತವಂತೆ. ಆಮೇಲೆ ಕಲ್ಲು ತೆಗೆದರೂ ನಾಳ ಬಿಡಿಸಿದರೂ ನೋವು ಪೂರ್ತಿ ಬಿಡುವುದಿಲ್ಲ. ಕೆಂಪಡಿಕೆ ಮಾಡುವವನು ಹಸಿರು ಗೊನೆಯನ್ನು ಹದ ನೋಡಿ ಇಳಿಸದೆ ಇನ್ನೊಂದು ವಾರ, ಇನ್ನೊಂದು ವಾರ ಎಂದು ಬಿಟ್ಟರೆ ಅದು ಮರದಲ್ಲೇ ಹಣ್ಣಾಗಿ ಗೋಟಾಗುತ್ತದೆ, ಕೆಂಪಡಿಕೆಗೆ ಬರುವುದಿಲ್ಲ. ಗೊನೆ ಇಳಿಸುವ ಕೊನೆಗೌಡ ಮರದ ಮೇಲಿನಿಂದ ಬೈಯುತ್ತಾನೆ. ಅಜ್ಜಿಯ ಕುರ ಹಣ್ಣಾಗಬೇಕು, ಈ ಗೊನೆ ಹಣ್ಣಾಗಬಾರದು.

ಆಪರೇಷನ್ ಆದಾಗ ಅವಳಿಗೆ 26. ಫ್ರೇ ಎಂಬ ಅಮೆರಿಕದ ಸರ್ಜನ್ 1987ರಲ್ಲಿ ಬರೆದ ವಿಧಾನ. ಸರ್ಜನ್ ವಿವರಿಸಿದ್ದನ್ನು ಚಿಕ್ಕಮ್ಮ ನಮಗೆಲ್ಲ ಹೇಳಿದ್ದು ಹೀಗೆ: "ಎಣ್ಣೆಗಾಯಿಗೆ ಬೆಂಡೆಕಾಯಿ ಉದ್ದಕ್ಕೆ ಸೀಳ್ತೀವಲ್ಲ, ಹಂಗೆ ಸೀಳಿ, ತೊಟ್ಟಿನ ಹತ್ರ ಕೆರೆದು ತೆಗೆದು, ಕಲ್ಲು ಎಲ್ಲ ಆರಿಸಿ, ಆ ಸೀಳಿಗೆ ಕರುಳನ್ನೇ ತಂದು ಹೊಲೀತಾರಂತೆ. ರಸ ಸೀದಾ ಕರುಳಿಗೆ ಬೀಳತ್ತೆ." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ತೆಗೆದ ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಚಿಕ್ಕಪ್ಪ ಅದನ್ನು ಬೀರುವಿನಲ್ಲಿ ಇಟ್ಟಿದ್ದಾರೆ, ಬಂದವರಿಗೆ ತೋರಿಸುತ್ತಾರೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲಿನಂಥ ನೋವು ಇಲ್ಲ. ಟ್ರಮಡಾಲ್ ಬಿಡಲು ಏಳು ತಿಂಗಳು ಹಿಡಿಯಿತು. ಈಗಲೂ ಕೆಲವು ರಾತ್ರಿ ಬೆನ್ನಲ್ಲಿ ಒಂದು ಮೊಂಡು ನೋವು ಬರುತ್ತದೆ. ಮೊದಲೇ ಮಾಡಿಸಿದ್ದರೆ ಅದೂ ಇರುತ್ತಿರಲಿಲ್ಲವೇನೋ ಎಂದು ನಾನು ಯೋಚಿಸುತ್ತೇನೆ, ಅವಳು ಒಮ್ಮೆಯೂ ಹಾಗೆ ಅಂದಿಲ್ಲ. ಸಕ್ಕರೆ ಕಾಯಿಲೆ ಬಂತು, ಅದು ಆಪರೇಷನ್ನಿನಿಂದ ಅಲ್ಲ, ಗ್ರಂಥಿ ಮೊದಲೇ ಒಣಗಿದ್ದರಿಂದ. ಇನ್ಸುಲಿನ್ ಎರಡು ಹೊತ್ತು. ಇಂಥ ಗ್ರಂಥಿಯಲ್ಲಿ ಕ್ಯಾನ್ಸರಿನ ಭಯ ಬೇರೆಯವರಿಗಿಂತ ಜಾಸ್ತಿ, ಅದಕ್ಕೆ ತಪಾಸಣೆ ತಪ್ಪಿಸುವಂತಿಲ್ಲ. ಬಿ.ಕಾಂ. ಮುಗಿಸಿದಳು, ತೀರ್ಥಹಳ್ಳಿಯಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೆ ಹೋಗುತ್ತಾಳೆ. ಕಳೆದ ಮೇ ತಿಂಗಳಲ್ಲಿ ನೆಂಟರ ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದಳು. ಎಲೆಯ ತುದಿಯಲ್ಲಿ ಉಪ್ಪಿನ ಪಕ್ಕ ಮೂರು ಕ್ಯಾಪ್ಸೂಲ್ ಸಾಲಾಗಿ ಇಟ್ಟುಕೊಂಡಳು. ಅನ್ನ ಸಾರಿಗೆ ಒಂದು, ಹುಳಿಗೆ ಒಂದು, ಮಜ್ಜಿಗೆಗೆ ಮೊದಲು ಒಂದು. ಬಡಿಸುವ ಹುಡುಗ ಅದು ಯಾವುದೋ ಹೊಸ ವ್ಯಂಜನ ಅಂದುಕೊಂಡು ಬಗ್ಗಿ ನೋಡಿದ.

ಬೆಳಿಗ್ಗೆ ಆರು

ಹೊಸನಗರದ ಹುಡುಗನಿಗೆ ಏನು ಹೇಳುವುದು? ಕಾಯಿ ಎಂದು ಹೇಳಲು ನನಗೆ ಹಕ್ಕಿಲ್ಲ. ಒಳಗೆ ರಕ್ತ ಸೋರಿದರೆ, ಕರುಳು ತೂತಾದರೆ, ಹೊಟ್ಟೆ ಬಿಗಿದು ಮೂತ್ರ ನಿಂತರೆ ಡಾಕ್ಟರು ಯಾವ ವಾರಕ್ಕೂ ಕಾಯುವುದಿಲ್ಲ. ಕಲ್ಲು ಪಿತ್ತನಾಳಕ್ಕೆ ಸಿಕ್ಕಿ ಕಾಮಾಲೆ, ಚಳಿಜ್ವರ ಬಂದರೆ ಒಂದೆರಡು ದಿನದಲ್ಲೇ ಎಂಡೋಸ್ಕೋಪಿಯಿಂದ ತೆಗೆಯಬೇಕು. ಇನ್ನು ಬೆಂಗಳೂರಿಗೆ ಹೋಗಬೇಡಿ ಎನ್ನುವುದೂ ಸರಿಯಲ್ಲ. ಇಂಥ ರೋಗಿಗೆ ಸ್ಕ್ಯಾನ್ ನೋಡಿ ಪೈಪ್ ಹಾಕುವವರು, ಎಂಡೋಸ್ಕೋಪಿಯವರು, ಸರ್ಜನ್ ಮೂವರೂ ಒಂದೇ ಸೂರಿನಡಿ ಇರುವ ಕಡೆ ಇರುವುದು ಒಳ್ಳೆಯದು. ಆದರೆ ಕೊಯ್ಸಲಿಕ್ಕೆ ಅಂತ ಹೋಗುವುದು ಬೇರೆ, ಕಾಯಲಿಕ್ಕೆ ಒಳ್ಳೆಯ ಜಾಗ ಅಂತ ಹೋಗುವುದು ಬೇರೆ. ಹೋಗುವುದಿದ್ದರೂ ಈಗಿನ ಡಾಕ್ಟರ ಹತ್ತಿರ ಕಾಗದ ಬರೆಸಿಕೊಂಡು, ಆ ಕಡೆಯವರ ಜೊತೆ ಅವರೇ ಮಾತಾಡಿ, ಉಸಿರು ಸ್ಥಿರವಾದ ಮೇಲೆ ಹೋಗಬೇಕು.

ಆರಕ್ಕೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ. ಇಷ್ಟನ್ನೂ ಹೇಳಿದೆ. ಡಾಕ್ಟರ ಹತ್ತಿರ "ಯಾಕೆ ಆಪರೇಷನ್ ಮಾಡ್ತಿಲ್ಲ" ಅಂತ ಕೇಳಬೇಡ, "ಯಾವುದಕ್ಕೆ ಕಾಯ್ತಿದೀರಿ, ಏನಾದ್ರೆ ಕಾಯೋದು ಬಿಡ್ತೀರಿ" ಅಂತ ಕೇಳು ಎಂದೆ. ಅವನು ಬರೆದುಕೊಳ್ಳುತ್ತಿದ್ದ ಅಂತ ಕಾಣುತ್ತದೆ, ಎರಡು ಸಲ ಹೇಳಿಸಿದ. ಹಿಂದೆ ಯಾರೋ ಕೆಮ್ಮುತ್ತಿದ್ದರು, ಆಸ್ಪತ್ರೆ ವರಾಂಡದ ಬಕೆಟ್ ಸದ್ದು. ಇಡೀ ರಾತ್ರಿ ಅಲ್ಲೇ ಕೂತಿದ್ದನೇನೋ.

"ಹತ್ತು ಗಂಟೆಗೆ ರೌಂಡ್ಸ್ ಬರ್ತಾರೆ, ಕೇಳ್ತೀನಿ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಹಂಗಾದ್ರೆ ಆಂಬುಲೆನ್ಸಿಗೆ ಕೊಟ್ಟ ಅಡ್ವಾನ್ಸು?"

"ಎಷ್ಟು ಕೊಟ್ಟಿದ್ದಿ?"

"ಐದು ಸಾವಿರ."

"ನಂದು ಮೂರು ಹೋಗಿತ್ತು" ಎಂದೆ.